ನೀರು ಕೊಟ್ಟ ಡಾಕ್ಟ್ರು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಕಣ್ಣಾರೆ ನೋಡಬೇಕೆಂದರೆ ರಾಬರ್ಟ್‌ಸನ್‌ಪೇಟೆಯ ನಮ್ಮ ಆಸ್ಪತ್ರೆಗೆ ಬರಬೇಕು. ಲಿಫ್ಟು ಕೆಟ್ಟು ಕೂತಿದೆ. ತುಂಬು ಬಸುರಿಯರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾರೆ. ಎಕ್ಸ್‌ರೇ ಕೋಣೆಯ ಫ್ಯಾನು ಗಾಳಿಗಿಂತ ಸದ್ದನ್ನೇ ಜಾಸ್ತಿ ಕೊಡುತ್ತದೆ. ಇಂಥ ಆಸ್ಪತ್ರೆಗೆ ನಮ್ಮ ಮಾಲೀಕರಾದ ಜಯರಾಮಪ್ಪನವರು ಬೆಂಗಳೂರಿನಿಂದ ಒಂದು ಯಂತ್ರ ತರಿಸಿದರು. ಲಿಫ್ಟ್ ರಿಪೇರಿ ಮಾಡುವ ಯಂತ್ರವಲ್ಲ. ಹೊಸ ಡಾಕ್ಟರುಗಳು ಒತ್ತಡದಲ್ಲಿ ಕಂಗೆಡದಂತೆ ತಯಾರು ಮಾಡುವ ಯಂತ್ರ.

ಜಯರಾಮಪ್ಪನವರು ಈ ಕಟ್ಟಡವನ್ನು ಮೊದಲು ಕಟ್ಟಿಸಿದ್ದು ಕಲ್ಯಾಣ ಮಂಟಪವೆಂದು. ಮದುವೆಗಳು ಬರಲಿಲ್ಲ, ಮಂಚ ಹಾಕಿಸಿದರು. ಇವತ್ತಿಗೂ ನಮ್ಮ ಐಸಿಯು ಇರುವುದು ಊಟದ ಹಾಲ್‌ನಲ್ಲಿ. ಹೆಣ್ಣಿನ ಕಡೆಯವರ ಕೋಣೆಯಲ್ಲಿ ತರಬೇತಿ ಕೇಂದ್ರ ಶುರುವಾಯಿತು. ರಿಬ್ಬನ್ ಕತ್ತರಿಸಿ, ದೀಪ ಹಚ್ಚಿ, ಎಲ್ಲರಿಗೂ ಬೂಂದಿ ಲಾಡು ಹಂಚಿದರು. ಲಾಡು ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಆ ಯಂತ್ರವೆಂದರೆ ಮುಖಕ್ಕೆ ಕಟ್ಟಿಕೊಳ್ಳುವ ಒಂದು ಕಪ್ಪು ಡಬ್ಬಿ. ಕಟ್ಟಿಕೊಂಡವರಿಗೆ ಇಲ್ಲದ ಆಸ್ಪತ್ರೆ, ಇಲ್ಲದ ರೋಗಿ, ಇಲ್ಲದ ನೆಂಟರು ಕಣ್ಣೆದುರೇ ಇದ್ದಂತೆ ಕಾಣುತ್ತಾರೆ. ವರ್ಚುವಲ್ ರಿಯಾಲಿಟಿ ಎಂದು ಅದಕ್ಕೆ ಹೆಸರು. ಹೊರಗೆ ನಿಂತವರಿಗೆ ಕಾಣುವುದು ಇಷ್ಟೇ: ಎಂಬಿಬಿಎಸ್ ಪಾಸಾದ ಒಬ್ಬ ಹುಡುಗ ಗಾಣದೆತ್ತಿನ ಹಾಗೆ ಕಣ್ಣು ಕಟ್ಟಿಸಿಕೊಂಡು ಗಾಳಿಯನ್ನು ಸಮಾಧಾನ ಮಾಡುತ್ತಿರುತ್ತಾನೆ.

ಇದನ್ನು ಕಲಿಸಲು ಬಂದವಳು ಲಿಖಿತ. ಒಳ್ಳೆಯ ಹುಡುಗಿಯೇ, ಆದರೆ ನಗುವನ್ನು ಮನೆಯಿಂದಲೇ ಹಚ್ಚಿಕೊಂಡು ಬಂದಿದ್ದಳು, ಬೈದರೂ ಅಳಿಸುತ್ತಿರಲಿಲ್ಲ. ಅವಳ ಪಾಠದಲ್ಲಿ ಇದ್ದದ್ದು ನಾಲ್ಕೇ ಮಾತು. ರೋಗಿಯ ಕಡೆಯವರ ಪಕ್ಕದಲ್ಲಿ ಕೂತುಕೊಳ್ಳಿ. ನೀರು ಕೊಡಿ. ಅವರ ದನಿ ಏರಿದಷ್ಟೂ ನಿಮ್ಮ ದನಿ ಇಳಿಸಿ. ಅವರ ತೀರ್ಮಾನವನ್ನು ಗೌರವಿಸಿ. ಹೊಸ ಡಾಕ್ಟರುಗಳ ಮಣಿಕಟ್ಟಿಗೆ ಒಂದೊಂದು ವಾಚು ಕಟ್ಟಿದಳು. ಎದೆಬಡಿತ ಸಮನಾಗಿದ್ದರೆ ಅದು ಹಸಿರು, ತಳಮಳವಾದರೆ ಕೆಂಪು. ಕೆಂಪಾದಾಗ ಅದು ಗುರ್ರೆಂದು ನಡುಗಿ, "ಆಳವಾಗಿ ಉಸಿರಾಡಿ" ಎನ್ನುತ್ತದೆ.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆನೇ ಇದೆಯಲ್ಲ ಮೇಡಂ," ಎಂದಳು ನನಗೆ.

"ಮೊದಲರ್ಧ ನುಂಗಿಬಿಟ್ಟೆಯಲ್ಲಮ್ಮ," ಅಂದೆ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾನೂ ಇದೆ. ಅಂಥೋರು ನಮ್ಮ ಬಾಗಿಲಿಗೆ ಬರೋದೇ ಇಲ್ಲ. ಬರೋರು ಬೇರೆ."

ಅವಳು ನಕ್ಕಳು. ಅದಕ್ಕೂ ನಕ್ಕಳು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಪುಷ್ಪ. ಹುಟ್ಟಿ ಬೆಳೆದದ್ದು ಬಂಗಾರಪೇಟೆ. ಈ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನನ್ನ ಕೂದಲು ನೆರೆತಿದೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಪುಷ್ಪ ಎಂದರೆ ಯಾರಿಗೂ ಗೊತ್ತಿಲ್ಲ, 'ಬೈಯೋ ಡಾಕ್ಟ್ರಮ್ಮ' ಎಂದರೆ ಆಟೋದವರು ನೇರವಾಗಿ ತಂದು ಬಿಡುತ್ತಾರೆ.

ನಾನೊಬ್ಬಳೇ ಬೈಯುವವಳಲ್ಲ. ನಮ್ಮ ಕಡೆ ಡಾಕ್ಟರು ಬೈಯಲೇಬೇಕು. ಜನ ಅದನ್ನೇ ಕಾದು ಕೂತಿರುತ್ತಾರೆ. ಎದೆ ಹಿಡಿದುಕೊಂಡವನನ್ನು ಒಳಗೆ ಮಲಗಿಸಿ ಹೊರಗೆ ಬಂದ ಡಾಕ್ಟರು, "ಇಷ್ಟೊತ್ತು ಏನು ಕಡ್ಲೆಪುರಿ ತಿಂತಾ ಕೂತಿದ್ರಾ? ಬೀಡಿ ಬಿಡು ಅಂದ್ರೆ ಕಿವಿ ಕೇಳ್ಸಲ್ವಾ ಇವನಿಗೆ?" ಎಂದು ಉಗಿದರೆ, ಬೆಂಚಿನ ಮೇಲಿದ್ದವರಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಉಗಿಯುತ್ತಿದ್ದಾರೆ ಎಂದರೆ ಉಳಿಯುತ್ತಾನೆ. ಸತ್ತವನಿಗೆ ಬೀಡಿ ಬಿಡು ಎಂದು ಯಾರು ಹೇಳುತ್ತಾರೆ? ಡಾಕ್ಟರು ಬೈಯುವುದನ್ನು ನಿಲ್ಲಿಸಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಮಾತಾಡಿ, ನೀರು ಕುಡಿಯಿರಿ ಎಂದರೆ ಮುಗಿಯಿತು. ಕಡೆಗಾಲದಲ್ಲಿ ಬಾಯಿಗೆ ನೀರು ಬಿಡುವ ಜನ ನಾವು. ಆ ಹೊತ್ತಿನಲ್ಲಿ ನೀರು ಯಾಕೆ ಬರುತ್ತದೆ ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಲಿಖಿತಳಿಗೆ ಇದನ್ನು ಹೇಳಿದೆ. "ಇದು ಸಂಶೋಧನೆಯಿಂದ ಸಾಬೀತಾದ ವಿಧಾನ ಮೇಡಂ," ಎಂದಳು. ಯಾವ ಊರಿನ ಸಂಶೋಧನೆ ಎಂದು ಕೇಳಿದ್ದಕ್ಕೆ ಮತ್ತೆ ನಕ್ಕಳು. ನನ್ನ ಮುಖಕ್ಕೂ ಒಮ್ಮೆ ಡಬ್ಬಿ ಕಟ್ಟಿದಳು.

ಒಳಗೆ ನೋಡಿದರೆ ಗಾಜಿನ ಗೋಡೆಯ ಆಸ್ಪತ್ರೆ. ಇಸ್ತ್ರಿ ಮಾಡಿದ ಸೀರೆಯ ಒಬ್ಬಳು ತಾಯಿ. ಒಂದು ಕೂದಲೂ ಕೆದರಿಲ್ಲ. ಕಣ್ಣಿಂದ ಒಂದೊಂದೇ ಹನಿ ಅಳತೆ ಮಾಡಿ ಬಿಡುತ್ತಿದ್ದಾಳೆ. "ವೈದ್ಯರೇ, ನನ್ನ ಮಗನ ಆರೋಗ್ಯ ಹೇಗಿದೆ?" ಎಂದು ವಾರ್ತೆ ಓದುವವಳಂತೆ ಕೇಳಿದಳು. ನೆಂಟರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಹಾಗೆ ಸರದಿಯಲ್ಲಿ ಮಾತಾಡುವ ನೆಂಟರನ್ನು ನಾನು ಈ ತಾಲ್ಲೂಕಿನಲ್ಲೇ ಕಂಡಿಲ್ಲ. ನಾನು ಅಭ್ಯಾಸದಂತೆ, "ಎದೆನೋವು ಶುರುವಾಗಿ ಎಷ್ಟೊತ್ತಾಯ್ತಮ್ಮ? ಸೀರೆಗೆ ಇಸ್ತ್ರಿ ಹಾಕ್ಕೊಂಡು ಬರೋದಕ್ಕೆ ಪುರುಸೊತ್ತಿತ್ತಾ?" ಎಂದೆ. ಗೊಂಬೆ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು. ಇಂಥ ಪ್ರಶ್ನೆಗೆ ಉತ್ತರವನ್ನೇ ಅದಕ್ಕೆ ಕಲಿಸಿರಲಿಲ್ಲ. ಆಮೇಲೆ ಕೆಂಪು ಅಕ್ಷರ ಮೂಡಿತು: ನಿಮಗೆ ವಿಶ್ರಾಂತಿಯ ಅಗತ್ಯವಿದೆ.

ಜಯರಾಮಪ್ಪನವರು ಅದನ್ನು ವೇದವಾಕ್ಯ ಮಾಡಿಕೊಂಡರು. ನನ್ನನ್ನು ಎಮರ್ಜೆನ್ಸಿಯಿಂದ ತೆಗೆದು ಓಪಿಡಿಯಲ್ಲಿ ಕೆಮ್ಮು ನೆಗಡಿ ನೋಡಲು ಕೂರಿಸಿದರು. ನನ್ನ ಜಾಗಕ್ಕೆ ಬಂದವನು ನರೇಶ್.

ನರೇಶ್ ಎಲ್ಲಿಂದಲೋ ಬಂದವನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಇಲ್ಲೇ ನಂದಿದುರ್ಗದ ಲೈನಿನ, ಅಂದರೆ ಗಣಿ ಕೆಲಸದವರ ಸಾಲುಮನೆಗಳ ಹುಡುಗ. ಅವನ ತಾತ ಕುಪ್ಪುಸ್ವಾಮಿ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ, ತಮಿಳಲ್ಲಿ ಅತ್ತು, ಕನ್ನಡದಲ್ಲಿ ಓದಿ, ತೆಲುಗಿನಲ್ಲಿ ಜಗಳವಾಡಿ ಬೆಳೆದವನು. ಡಾಕ್ಟರು ನೀರು ಕೊಟ್ಟರೆ ಏನರ್ಥ ಎಂದು ಅವನ ಅಜ್ಜಿಗೂ ಗೊತ್ತು, ಅವರ ಮನೆಯ ಕೋಳಿಗೂ ಗೊತ್ತು. ಆದರೆ ಡಬ್ಬಿಯೊಳಗೆ ಅವನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ರಿಸೆಪ್ಷನ್‌ನಲ್ಲಿ ಅವನ ಫೋಟೊ ಹಾಕಿದರು. ಅವನ ವಾಚು ಹಸಿರು ಬಿಟ್ಟು ಬೇರೆ ಬಣ್ಣವನ್ನೇ ಕಾಣಲಿಲ್ಲ. ಹುಡುಗ ತನ್ನ ಫೋಟೊ ನೋಡಿಕೊಳ್ಳುತ್ತಾ ಊರನ್ನು ಮರೆತ.

ಗಿರಿ ಬಂದದ್ದು ಒಂದು ಬೆಳಿಗ್ಗೆ. ಬಂಗಾರಪೇಟೆಯಾಚೆ ಬೂದಿಕೋಟೆ ರಸ್ತೆಯ ಒಂದು ಹಳ್ಳಿಯವನು, ನಾಲ್ಕು ಸೀಮೆಹಸು ಕಟ್ಟಿಕೊಂಡು ಹಾಲು ಹಾಕುವವನು. ಡೇರಿಯ ಮುಂದೆ ಸರದಿಯಲ್ಲಿ ನಿಂತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಕ್ಯಾನು ಸಾಗಿಸುವ ಚಿಕ್ಕ ಟೆಂಪೊದಲ್ಲೇ ಹಾಕಿಕೊಂಡು ಬಂದರು. ಜೊತೆಗೆ ತಾಯಿ ವೆಂಕಟರತ್ನಮ್ಮ, ಸೋದರಮಾವ ಮುನಿಸ್ವಾಮಪ್ಪ, ಅವರ ಹಿಂದೆ ಅರ್ಧ ಊರು.

ಒಳಗೆ ನರೇಶ್ ಮಾಡಿದ್ದೆಲ್ಲ ಸರಿ. ಇಸಿಜಿ ನೋಡಿದ, ಹಾರ್ಟ್ ಅಟ್ಯಾಕ್ ಎಂದು ಕ್ಷಣದಲ್ಲಿ ಹಿಡಿದ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ. ನೋವು ಇಳಿಯಿತು. ಮಾನಿಟರ್ ಕೆಳಗೆ ಎರಡು ದಿನ ಮಲಗಿದ್ದರೆ ಗಿರಿ ಎದ್ದು ಹೋಗಿ ಮತ್ತೆ ಹಾಲು ಕರೆಯಬಹುದಿತ್ತು. ಇದರಲ್ಲಿ ಒಂದು ತಪ್ಪೂ ಹುಡುಕಲಾರೆ, ಹುಡುಕುವ ಆಸೆಯಿದ್ದರೂ.

ಆಮೇಲೆ ಅವನು ಹೊರಗೆ ಬಂದ. ಅಲ್ಲಿ ನಡೆದದ್ದನ್ನು ನಾನು ಅವರಿವರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ಬಂದವನು ವೆಂಕಟರತ್ನಮ್ಮನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ. ಪೇಪರ್ ಲೋಟದಲ್ಲಿ ನೀರು ಹಿಡಿದ.

"ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಮೊದಲು ಸ್ವಲ್ಪ ನೀರು ಕುಡಿಯಿರಿ."

ಮುದುಕಿ ನೀರನ್ನು ನೋಡಿತು, ಅವನ ಮುಖವನ್ನು ನೋಡಿತು. "ನಾಯನಾ, ನನ್ ಮಗ..."

"ನಾವು ಎಲ್ಲ ಪ್ರಯತ್ನಾನೂ ಮಾಡ್ತಾ ಇದ್ದೀವಮ್ಮ. ನೀವು ಧೈರ್ಯವಾಗಿರಬೇಕು."

ಲೋಟ ಕೆಳಗೆ ಬಿತ್ತು. ಮುನಿಸ್ವಾಮಪ್ಪ ಎದ್ದು ನಿಂತ. "ಉಸ್ರು ಇನ್ನಾ ಐತಾ ಸಾಮಿ?"

"ಇದೆ. ಉಸಿರಾಡ್ತಾ ಇದ್ದಾರೆ," ಎಂದ ನಮ್ಮ ಜಾಣ, ಕಲಿತುಕೊಂಡಿದ್ದ ಮಂದಹಾಸದೊಡನೆ.

"ಅಂಗಾರೆ ಕೊಟ್ಬುಡಿ. ಉಸ್ರಿರೋವಾಗ್ಲೇ ಮನೆ ಸೇರ್ಸ್ಕೋತೀವಿ."

ಈ ಕಡೆಯವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಹೊರಗೆ ಸತ್ತವನ ಹೆಣವನ್ನು ಆ ಹಳ್ಳಿಯಲ್ಲಿ ಮನೆಯೊಳಕ್ಕೆ ಸೇರಿಸುವುದಿಲ್ಲ. ಊರಾಚೆ ಮರದ ಕೆಳಗೇ ಮಲಗಿಸಿ ಅಲ್ಲಿಂದಲೇ ಎತ್ತುತ್ತಾರೆ. ತನ್ನ ಜಗಲಿಯ ಮೇಲೆ, ತಾಯಿಯ ಕೈಯಿಂದ ಬಾಯಿಗೆ ನೀರು ಬಿಡಿಸಿಕೊಂಡು ಹೋಗಲಿ ಎಂಬ ಆಸೆ. ಒಳ್ಳೆಯ ಆಸೆಯೇ, ಸಾಯುವವನ ಪಾಲಿಗೆ. ಗಿರಿ ಸಾಯುತ್ತಿರಲಿಲ್ಲ.

ಅಲ್ಲಿದ್ದವರೆಲ್ಲ ಒಟ್ಟಿಗೆ ಕೂಗಾಡತೊಡಗಿದರು. ಅವರ ದನಿ ಏರಿದಂತೆ ನರೇಶ್ ದನಿ ಇಳಿಸಿದ. ಕರೆದುಕೊಂಡು ಹೋದರೆ ಅಪಾಯವಿದೆ ಎಂದ, ಆದರೆ ಎಷ್ಟು ಮೆಲ್ಲಗೆ ಹೇಳಿದನೆಂದರೆ ಅವರಿಗೆ ಇದ್ದ ಅನುಮಾನವೂ ಪರಿಹಾರವಾಯಿತು. ಕೊನೆಗೆ, "ನಿಮ್ಮ ತೀರ್ಮಾನವನ್ನು ಗೌರವಿಸ್ತೀನಿ" ಎಂದು ಕೈ ಜೋಡಿಸಿದ. ಅವರು ಹೆಬ್ಬೆಟ್ಟು ಒತ್ತಿ ಗಿರಿಯನ್ನು ಎತ್ತಿಕೊಂಡು ಹೋದರು.

ನನಗೆ ಓಪಿಡಿಯಲ್ಲಿ ಗೋಳಾಟ ಕೇಳಿಸಿತು. ಯಾರೋ ಹೋದರು ಎಂದುಕೊಂಡು ಎಮರ್ಜೆನ್ಸಿಗೆ ಬಂದರೆ ಮಂಚ ಖಾಲಿ, ಮಾನಿಟರಿನ ವೈರುಗಳು ನೆಲದ ಮೇಲೆ ಬಿದ್ದಿವೆ.

"ಯಾರು ತೀರಿಕೊಂಡಿದ್ದು?"

"ಯಾರೂ ಇಲ್ಲ ಮೇಡಂ. ಡಿಸ್ಚಾರ್ಜ್. ಅವರ ಕಡೆಯವರ ಇಚ್ಛೆ."

ಇಸಿಜಿ ಕೈಗೆತ್ತಿಕೊಂಡು ನೋಡಿದೆ. ಮೊದಲಿನದು, ಇಂಜೆಕ್ಷನ್ ಆದ ಮೇಲಿನದು. "ನರೇಶ್, ಇವನು ಬದುಕೋನಲ್ವೇನೋ?"

"ಹೌದು ಮೇಡಂ. ಚೆನ್ನಾಗಿ ರೆಸ್ಪಾಂಡ್ ಮಾಡಿದಾರೆ."

"ಮತ್ಯಾಕೋ ಹೆಣದ ಹಾಗೆ ಸಾಗಹಾಕಿದೆ?"

"ನಾನು ಎಲ್ಲಾ ಸ್ಟೆಪ್ಪೂ ಫಾಲೋ ಮಾಡಿದೆ. ಕೂತ್ಕೊಂಡೆ, ನೀರು ಕೊಟ್ಟೆ..." ಎನ್ನುತ್ತಾ ವಾಚು ತೋರಿಸಿದ. ಹಸಿರು. ತಿಳಿ ಹಸಿರು. ಒಬ್ಬ ಮನುಷ್ಯ ಸಾಯಲು ಹೊರಟಿದ್ದಾನೆ, ಇವನಿಗೆ ಎದೆ ಡವಗುಟ್ಟಿಲ್ಲ, ಅದಕ್ಕೆ ಶಹಬ್ಬಾಸ್‌ಗಿರಿ ಬೇರೆ. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವನ ಕಾಲರು ಹಿಡಿದೇ ಆಂಬುಲೆನ್ಸ್‌ಗೆ ಹತ್ತಿಸಿದೆ. ಡ್ರೈವರ್ ರಾಜ್‌ಕುಮಾರನಿಗೆ, "ಬಂಗಾರಪೇಟೆ ರೋಡು ಹಿಡಿ, ಹಾಲಿನ ಟೆಂಪೊ" ಎಂದಷ್ಟೇ ಹೇಳಿದೆ.

ಚೀಟಿಯಲ್ಲಿ ಮುನಿಸ್ವಾಮಪ್ಪನ ಫೋನ್ ನಂಬರ್ ಇತ್ತು. ಎಷ್ಟು ಸಲ ಮಾಡಿದರೂ ಬಿಜಿ. ಮುಳಬಾಗಿಲಿನ ಬೀಗರಿಗೆ, ಕುಪ್ಪಂನ ತಂಗಿಗೆ, ತಮಟೆಯವರಿಗೆ, ಎಲ್ಲರಿಗೂ ಸುದ್ದಿ ಮುಟ್ಟಿಸುತ್ತಿದ್ದನಂತೆ. ಬದುಕಿರುವವನ ಸಾವಿಗೆ ನೆಂಟರು ಬಸ್ಸು ಹತ್ತಿಯಾಗಿತ್ತು. ನನ್ನ ಪಕ್ಕದಲ್ಲಿ ನರೇಶ್ ಕೂತಿದ್ದ. ಏನಾಯಿತೆಂದು ಅವನಿಗೆ ಆಗಷ್ಟೇ ಹೊಳೆಯುತ್ತಿತ್ತು.

"ನಮ್ಮ ತಾತಂಗೂ ಹೀಗೇ ಒಬ್ರು ನೀರು ಕೊಟ್ಟಿದ್ರು," ಎಂದ. "ನಮ್ಮಜ್ಜಿ ಅಲ್ಲೇ ಬಳೆ ಒಡ್ಕೊಂಡ್ರು."

"ಈಗ ಜ್ಞಾಪಕ ಬಂತಾ? ಬಾಳ ಬೇಗ ಬಂತು."

ಟೆಂಪೊ ಸಿಕ್ಕಿದ್ದು ಬಂಗಾರಪೇಟೆ ಬಜಾರಿನಲ್ಲಿ, ಹೂವಿನ ಅಂಗಡಿಗಳ ಮುಂದೆ. ಮುನಿಸ್ವಾಮಪ್ಪ ಹೆಂಗಸರಿಗೆ ಸೋಡಾ ತರುತ್ತೇನೆಂದು ಹೇಳಿ ಇಳಿದವನು ಹೂವಿನವನ ಹತ್ತಿರ ಹಾರ ಆರಿಸುತ್ತಿದ್ದ. ಊರಲ್ಲಿ ಅಂಗಡಿಯಿಲ್ಲ, ಮತ್ತೆ ಯಾರು ಬರುತ್ತಾರೆ ಎಂಬ ಲೆಕ್ಕಾಚಾರ. ನಾಲ್ಕು ಹೆಜ್ಜೆ ಆಚೆ, ಕ್ಯಾನುಗಳ ನಡುವೆ, ಚಾಪೆಯ ಮೇಲೆ ಗಿರಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ವೆಂಕಟರತ್ನಮ್ಮ ಅವನ ತುಟಿಗೆ ನೀರು ಸವರುತ್ತಿದ್ದಳು.

"ನಾನ್ ಸತ್ತೋಯ್ತೀನಾ ಡಾಕ್ಟ್ರಮ್ಮ?" ಎಂದು ಗಿರಿ ನನ್ನನ್ನೇ ಕೇಳಿದ.

ನಾನು ಶುರು ಮಾಡಿದೆ. "ಯಾವನೋ ಹೇಳಿದ್ದು ನಿಂಗೆ? ಯಮನ ಹತ್ರ ಅಪಾಯಿಂಟ್‌ಮೆಂಟ್ ಮಾಡ್ಸಿದೀಯಾ? ದಿನಕ್ಕೆ ಎಷ್ಟು ಕಟ್ಟು ಬೀಡಿ ಸೇದ್ತೀಯೋ? ರೀ ವೆಂಕಟರತ್ನಮ್ಮ, ಹೆತ್ತ ಮಗನ್ನ ಹಾಲಿನ ಕ್ಯಾನಿನ ಜೊತೆ ಕುಲುಕಿಸ್ಕೊಂಡು ಹೋಗ್ತಿದೀರಲ್ಲ, ಬೆಣ್ಣೆ ತೆಗೀಬೇಕು ಅಂತಿದೀರಾ?" ಬಜಾರು ನಿಂತು ನೋಡಿತು. ನಾನು ಹುಟ್ಟಿದ ಊರು ಅದು. ಜನಕ್ಕೆ ನನ್ನ ಗಂಟಲು ಹೊಸದಲ್ಲ.

ವೆಂಕಟರತ್ನಮ್ಮ ಕ್ಷಣ ಆಸೆಯಿಂದ ನೋಡಿದಳು, ಮತ್ತೆ ತಲೆ ಅಲ್ಲಾಡಿಸಿದಳು. "ನೀವು ಅವನ ಕೈ ಇಡ್ದು ನೋಡಿಲ್ಲ ತಾಯಿ. ನೀವು ಎಲ್ಲಾರ್ನೂ ಬೈತೀರಿ. ನೋಡಿದ್ ಡಾಕ್ಟ್ರು ಅಕ್ಕೋ ಅವ್ರು. ಅವ್ರು ಕುಂತ್ಕೊಂಡು ನೀರು ಕೊಟ್ರು."

ನನ್ನ ಜೀವಮಾನದ ಬೈಗುಳ ಒಂದು ಪೇಪರ್ ಲೋಟದ ಮುಂದೆ ಸೋತಿತು. ನೀರು ಕೊಟ್ಟವನೇ ಅದನ್ನು ವಾಪಸ್ಸು ತೆಗೆದುಕೊಳ್ಳಬೇಕಾಗಿತ್ತು. "ಮಾತಾಡೋ," ಎಂದು ನರೇಶನನ್ನು ಮುಂದಕ್ಕೆ ತಳ್ಳಿದೆ.

ಅವನು ಟೆಂಪೊ ಹತ್ತಿರ ಹೋದ. "ಅಮ್ಮಾ, ದಯವಿಟ್ಟು ನನ್ನ ಮಾತು ಕೇಳಿ..." ಎಂದ, ಅದೇ ಇಳಿದ ದನಿಯಲ್ಲಿ. ಮುದುಕಿ ಎದೆ ಎದೆ ಬಡಿದುಕೊಂಡಿತು. ಗಿರಿ ಕಣ್ಣು ಮುಚ್ಚಿಕೊಂಡ. ನರೇಶ್ ಹೆದರಿ ಇನ್ನೂ ಮೆತ್ತಗಾದ, "ನಿಮ್ಮ ನೋವು ನನಗೆ..." ಎಂದ. ಅವನ ಕೈಯನ್ನೇ ಮುರಿದುಹಾಕೋಣ ಎನಿಸಿತು ನನಗೆ. ಟೆಂಪೊದವನು ಇಂಜಿನ್ ಸ್ಟಾರ್ಟ್ ಮಾಡಿದ.

ಅಷ್ಟರಲ್ಲಿ ಮುನಿಸ್ವಾಮಪ್ಪ ಚೆಂಡು ಹೂವಿನ ಹಾರವನ್ನು ಪಂಚೆಯ ಮರೆಯಲ್ಲಿ ಹಿಡಿದುಕೊಂಡು ಬಂದ. ಪಂಚೆ ಸಣ್ಣದು, ಹಾರ ದಪ್ಪ. ನರೇಶನ ಕಣ್ಣು ಅದರ ಮೇಲೆ ಬಿತ್ತು.

"ಯೋವ್ ಪೆರುಸು!" ಎಂದು ಮುದುಕನ ಮೇಲೆ ತಮಿಳಲ್ಲಿ ಕಿರುಚಿದ. ನಂದಿದುರ್ಗದ ಲೈನಿನ ಕೊನೆಯ ಮನೆಯವರೆಗೆ ಕೇಳುವ ಕಿರುಚು ಅದು. "ಉಯಿರೋಡ ಇರುಕ್ಕುರವನುಕ್ಕು ಮಾಲೆಯಾ? ಅರಿವು ಇರುಕ್ಕಾ ಉನಕ್ಕು? ಬದುಕಿರೋನಿಗೆ ಹಾರ ತರ್ತೀಯಾ? ನಿನ್ ಕೊರಳಿಗೆ ಹಾಕ್ಕೋ, ಹಾಕ್ಕೊಂಡು ಹೋಗಿ ಮಲಕ್ಕೋ!" ಹಾರವನ್ನು ಕಿತ್ತು ಚರಂಡಿಗೆ ಎಸೆದ. ಟೆಂಪೊದ ತಗಡಿಗೆ ಬಡಿದ. "ಇಂಜಿನ್ ಆಫ್ ಮಾಡ್ಲಾ! ಏಯಮ್ಮಾ, ಅಳೋದು ನಿಲ್ಸು! ನಾನು ಕಷ್ಟಪಟ್ಟು ಇಂಜೆಕ್ಷನ್ ಕೊಟ್ಟು ಉಳಿಸಿದ್ದೀನಿ, ನೀನು ಚಾಪೆ ಹಾಸಿ ಸಾಯಿಸ್ತಾ ಇದ್ದೀಯಾ? ಯಾರನ್ನ ಕೇಳಿ ಎತ್ಕೊಂಡು ಬಂದ್ರಿ? ಗಿರಿ, ಎದ್ದೇಳೋ ಅಂತ ಹೇಳ್ದಾಗ ಏಳ್ಬೇಕು, ಅಲ್ಲೀವರ್ಗೂ ಕೈಕಾಲು ಆಡಿಸಿದ್ರೆ ಕಟ್ಟಿ ಹಾಕ್ತೀನಿ!"

ಅವನ ಮಣಿಕಟ್ಟಿನಲ್ಲಿ ವಾಚು ಕೆಂಡದಂತೆ ಕೆಂಪಾಗಿ ಗುರ್ರೆನ್ನುತ್ತಿತ್ತು. ಆಳವಾಗಿ ಉಸಿರಾಡಿ, ಆಳವಾಗಿ ಉಸಿರಾಡಿ ಎಂದು ಅದು ಬಡಕೊಳ್ಳುತ್ತಲೇ ಇತ್ತು.

ವೆಂಕಟರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಬೈದ್ರು ಕಣೋ," ಎಂದಳು. "ಮುನಿಸಾಮಿ, ಡಾಕ್ಟ್ರು ಬೈದ್ರು ಕಣ್ಲಾ! ನನ್ ಮಗ ಉಳ್ಕಂಡ!" ಗಿರಿಯ ಕಣ್ಣಿನಿಂದ ನೀರು ಇಳಿಯಿತು. ಹೂವಿನವನು ಬಂದು ಚಾಪೆಯ ಒಂದು ತುದಿ ಹಿಡಿದ.

ಗಿರಿಯನ್ನು ಆಂಬುಲೆನ್ಸ್‌ಗೆ ಹಾಕಿಕೊಂಡು ಹೊರಟೆವು. ಬೆಮೆಲ್ ನಗರ ದಾಟುವ ಹೊತ್ತಿಗೆ ಗಿರಿಯ ಹೃದಯ ತಾಳ ತಪ್ಪಿತು. ಮಾನಿಟರಿನಲ್ಲಿ ಗೆರೆ ಹುಚ್ಚುಚ್ಚಾಗಿ ಕುಣಿಯಿತು, ಅವನ ಕಣ್ಣು ಮೇಲಾಯಿತು. ನರೇಶ್ ಶಾಕ್ ಕೊಡುವ ಯಂತ್ರ ಎಳೆದುಕೊಂಡ. ಜಯರಾಮಪ್ಪನವರು ಕೊಂಡ ಯಂತ್ರಗಳಲ್ಲಿ ಕೆಲಸಕ್ಕೆ ಬರುವುದು ಅದೊಂದೇ. ಒಂದು ಸಲ ಕೊಟ್ಟ. ಎರಡನೆಯ ಸಲ ಕೊಟ್ಟ. ಗೆರೆ ನಿಧಾನವಾಗಿ ಸಾಲಿಗೆ ಬಂತು. ಆಮೇಲೆ ಅವನು ಮುಖ ಆಚೆ ತಿರುಗಿಸಿಕೊಂಡು ಅತ್ತ. ಅದಕ್ಕೆ ನಾನು ಬೈಯಲಿಲ್ಲ. ಹಾಲಿನ ಟೆಂಪೊದಲ್ಲಿ ಆ ಯಂತ್ರ ಇರುವುದಿಲ್ಲ.

ಒಂದು ಮಾತು ಹೇಳದೆ ಬಿಟ್ಟರೆ ನಾನೂ ಲಿಖಿತಳ ಹಾಗೆ ಅರ್ಧ ಗಾದೆ ಹೇಳಿದವಳಾಗುತ್ತೇನೆ. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಸಾವು ಬಂತೆಂದು ಹೆದರುವ ಜನರನ್ನು ದೇವರು ಹಾಗೆ ಹುಟ್ಟಿಸಿದ್ದಲ್ಲ. ಬದುಕಿರುವವರ ಜೊತೆ ನೆಟ್ಟಗೆ ಮಾತಾಡುವ ಅಭ್ಯಾಸ ಈ ಊರಿನ ಆಸ್ಪತ್ರೆಗಳಿಗೆ ಎಂದೂ ಇರಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗುತ್ತದೆ. ಆದರೆ ಎದೆನೋವಿನವನನ್ನು ಒಳಗೆ ಮಲಗಿಸಿಕೊಂಡು ಆ ಅಭ್ಯಾಸ ತಿದ್ದಲು ಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಇನ್ನು ನಮ್ಮ ಬುದ್ಧಿವಂತರ ಕತೆ. ವಾಚಿನ ಸಮಾಚಾರವೆಲ್ಲ ತಾನಾಗಿಯೇ ಲಿಖಿತಳ ಕಂಪ್ಯೂಟರಿಗೆ ಹೋಗುತ್ತದೆ. ಗಿರಿಯನ್ನು ಸಾಗಹಾಕುವಾಗ ನರೇಶ್‌ಗೆ ಪೂರ್ತಿ ಅಂಕ ಬಂದಿತ್ತು. ಅವನನ್ನು ಉಳಿಸುವಾಗ ಸೊನ್ನೆ. ರಿಸೆಪ್ಷನ್‌ನಿಂದ ಅವನ ಫೋಟೊ ಇಳಿಸಿದರು. ತರಬೇತಿಯನ್ನು ಮೊದಲಿಂದ ಮಾಡಬೇಕು ಎಂದು ಹೆಣ್ಣಿನ ಕಡೆಯವರ ಕೋಣೆಗೆ ಮತ್ತೆ ಕಳಿಸಿದರು. ನಾನು ಜಗಳವಾಡಿದೆ. "ಡೇಟಾ ಸುಳ್ಳು ಹೇಳಲ್ಲ ಮೇಡಂ," ಎಂದರು ಜಯರಾಮಪ್ಪನವರು. ಆ ಮಾತನ್ನು ಅವರು ಹೊಸದಾಗಿ ಕಲಿತಿದ್ದರು.

ಆದರೆ ಹಾರದ ಕತೆ ಬಂಗಾರಪೇಟೆ ಬಜಾರಿನಿಂದ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನವರೆಗೆ ನಮಗಿಂತ ಮೊದಲೇ ಬಂದು ತಲುಪಿತ್ತು. ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದು ಜಯರಾಮಪ್ಪನವರಿಗೆ ಗಾಬರಿ. ತಾವೇ ಖುದ್ದು ರೋಗಿಯನ್ನು ವಿಚಾರಿಸಿ ಫೋಟೊ ತೆಗೆಸಿ ಹಾಕುವುದೆಂದು ತೀರ್ಮಾನಿಸಿದರು. ಲಿಖಿತ ಅವರಿಗೆ ನಾಲ್ಕು ಮಾತಿನ ಪಾಠ ಹೇಳಿಕೊಟ್ಟಳು.

ಬಿಳಿ ಶರ್ಟು ಹಾಕಿಕೊಂಡು, ಫೋಟೊದವನನ್ನು ಕರೆದುಕೊಂಡು ಐಸಿಯುಗೆ ಬಂದರು. ಗಿರಿ ದಿಂಬಿಗೆ ಒರಗಿ ಇಡ್ಲಿ ತಿನ್ನುತ್ತಿದ್ದ. ನರೇಶನ ಬದಲಿಗೆ ನಾನು ಗಿರಿಯ ಚೀಟಿ ಬರೆಯುತ್ತ ನಿಂತಿದ್ದೆ. ಜಯರಾಮಪ್ಪನವರು ವೆಂಕಟರತ್ನಮ್ಮನ ಪಕ್ಕ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ನೀರಿನ ಬಾಟಲಿಯ ಮುಚ್ಚಳ ತಿರುವಿ ಎರಡೂ ಕೈಯಿಂದ ಚಾಚಿದರು.

"ನೀರು ಕುಡಿಯಿರಿ ಅಮ್ಮಾ. ನಿಮ್ಮ ಜೊತೆ ನಾವಿದ್ದೇವೆ."

ಗಿರಿಯ ಕೈಯಲ್ಲಿ ಇಡ್ಲಿ ಹಾಗೇ ನಿಂತಿತು. ವೆಂಕಟರತ್ನಮ್ಮ ಬಾಟಲಿ ನೋಡಿದಳು, ಮಗನನ್ನು ನೋಡಿದಳು. "ಅಯ್ಯೋ ನನ್ ಕಂದಾ! ಇದ್ಯಾವಾಗ ಆಯ್ತಪ್ಪಾ!" ಎಂದು ಊರು ಕೇಳುವಂತೆ ಕಿರುಚಿ ಮಂಚದಡಿಯ ಗಂಟು ಎಳೆದುಕೊಂಡಳು. ಮುನಿಸ್ವಾಮಪ್ಪ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದ. ಫೋಟೊದವನು ಎಲ್ಲವನ್ನೂ ತೆಗೆಯುತ್ತಲೇ ಇದ್ದ.

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ನರೇಶ್, ಕಪ್ಪು ಡಬ್ಬಿಯನ್ನು ಹಣೆಯ ಮೇಲಕ್ಕೆ ಸರಿಸಿಕೊಂಡು, ವೈರು ಎಳೆದಾಡುತ್ತಾ ಒಳಗೆ ನುಗ್ಗಿದ.

"ಯಾರ್ರೀ ಅದು ನೀರು ಕೊಟ್ಟಿದ್ದು?"

ಕೊಟ್ಟವರು ಯಾರೆಂದು ಕಂಡಿತು. ಒಂದು ಗಳಿಗೆ ತಡೆದ. ಕೆಲಸ ಹೋಗುತ್ತದೆ ಎಂಬುದು ಅವನ ಮುಖದ ಮೇಲೆ ಬಂದು ಹೋದದ್ದು ನನಗೆ ಕಂಡಿತು. ಆಮೇಲೆ ದನಿ ಏರಿಸಿದ.

"ಎದ್ದೇಳ್ರೀ ಸ್ಟೂಲಿಂದ! ಚಪ್ಪಲಿ ಹಾಕ್ಕೊಂಡು ಐಸಿಯು ಒಳಗೆ ಬಂದಿದೀರಲ್ಲ, ಇದೇನು ನಿಮ್ಮ ಕಲ್ಯಾಣ ಮಂಟಪಾನಾ? ವೆಂಕಟರತ್ನಮ್ಮ, ಗಂಟು ಕೆಳಗಿಡಿ! ಗಿರಿ, ಇಡ್ಲಿಗೆ ಚಟ್ನಿ ಯಾರೋ ಹಾಕಿದ್ದು? ಉಪ್ಪು ಬೇಡ ಅಂತ ನೂರು ಸಲ ಬಡ್ಕೊಂಡಿಲ್ವಾ?"

ವೆಂಕಟರತ್ನಮ್ಮ ಉಸ್ಸೆಂದು ಕೂತು ಗಂಟು ಬಿಚ್ಚಿದಳು. ಗಿರಿ ಚಟ್ನಿ ಪಕ್ಕಕ್ಕೆ ಸರಿಸಿ ಬರೀ ಇಡ್ಲಿ ತಿನ್ನತೊಡಗಿದ. ಜಯರಾಮಪ್ಪನವರು ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ಕೈಯಲ್ಲಿದ್ದ ನೀರನ್ನು ತಾವೇ ಕುಡಿದರು.